ವೈಡ್ ಲೆನ್ಸಿಗೆ ಮಾರಿನ ಲೆಕ್ಕದ ಫೋಕಸ್

ನಾನು ಬಳಸುವುದು ರೇಂಜ್‌ಫೈಂಡರ್ (ಎರಡು ಬಿಂಬ ಕೂಡಿಸಿ ದೂರ ಅಳೆಯುವ ಸಾಧನ) ಇರುವ ಫಿಲ್ಮ್ ಕ್ಯಾಮೆರಾ. ಅದಕ್ಕೆ 28 ಎಂಎಂ, ಎಫ್ 2.8 ವೈಡ್ ಲೆನ್ಸ್, ಅಂದರೆ ಅಗಲವಾದ ನೋಟ ಹಿಡಿಯುವಂಥದ್ದು. ಎಫ್ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ತೂತು ಚಿಕ್ಕದು, ಶಾರ್ಪ್ ಆಗಿ ಬರುವ ಜಾಗ ಜಾಸ್ತಿ. ಜಾಸ್ತಿ ಓಡಾಡುವುದು ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲುಗಳಲ್ಲಿ. ಜೋಡಿ ಬಿಂಬ ಒಂದಾಗುವ ತನಕ ರಿಂಗ್ ತಿರುಗಿಸಿ ಕರಾರುವಾಕ್ಕಾಗಿ ಫೋಕಸ್ ಮಾಡುವ ಅನುಕೂಲ ಕೈಯಲ್ಲೇ ಇದೆ. ಆದರೂ ಹೆಚ್ಚಿನ ಫೋಟೋಗಳಿಗೆ ನಾನು ಅದರ ಸಹಾಯ ತೆಗೆದುಕೊಳ್ಳುವುದಿಲ್ಲ. ದೂರವನ್ನು ಕಣ್ಣಲ್ಲೇ ಅಳೆದು, ರಿಂಗನ್ನು ಅಲ್ಲಿಗೆ ಇಟ್ಟು ಕ್ಲಿಕ್ ಮಾಡುತ್ತೇನೆ. ಇದು ಸೋಮಾರಿಗಳ ದಾರಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವೈಡ್ ಲೆನ್ಸಿಗೆ ಅಂದಾಜೇ ಮೊದಲ ದಾರಿ. ಆದರೆ ಆ ಅಂದಾಜನ್ನು ಅಳತೆಯಿಂದ ಪಳಗಿಸಿರಬೇಕು, ಅದು ಎಲ್ಲಿ ಕೈಕೊಡುತ್ತದೆ ಅಂತ ಮೊದಲೇ ಗೊತ್ತಿರಬೇಕು.

ಲೆಕ್ಕ ನೋಡಿ. 28 ಎಂಎಂ ಲೆನ್ಸನ್ನು ಎಫ್ 8ರಲ್ಲಿ 2 ಮೀಟರಿಗೆ ಇಟ್ಟರೆ ಹೆಚ್ಚುಕಡಿಮೆ 1.25 ಮೀಟರಿನಿಂದ 5 ಮೀಟರಿನವರೆಗೆ ಎಲ್ಲ ಶಾರ್ಪ್ ಆಗಿ ಬರುತ್ತದೆ. ಅದೇ ಎಫ್ 8, ಅದೇ 2 ಮೀಟರ್, ಆದರೆ ಲೆನ್ಸ್ 50 ಎಂಎಂ ಆದರೆ ಸಿಗುವುದು 1.7ರಿಂದ 2.5 ಮೀಟರ್ ಅಷ್ಟೇ. 50ರಲ್ಲಿ ಅಂದಾಜು ಮಾಡುವುದು ದೊಡ್ಡ ಧೈರ್ಯ. 28ರಲ್ಲಿ ಅದೇ ಕೆಲಸ ಸಲೀಸು.

ಈಗ ಮಾರಿನ ವಿಷಯಕ್ಕೆ ಬರುತ್ತೇನೆ. ಹೂ ಮಾರುವವರು ಮೊಳ ಹಾಕುವುದನ್ನು ನೋಡಿರುತ್ತೀರಿ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ಎರಡೂ ಕೈ ಚಾಚಿದರೆ ಒಂದು ಮಾರು. ಮಾರು ಸಾಧಾರಣವಾಗಿ ಅವರವರ ಎತ್ತರದಷ್ಟೇ ಇರುತ್ತದೆ. ನನ್ನದು 1.7 ಮೀಟರ್. ಮೀಟರಿನಲ್ಲಿ ಯೋಚಿಸುವುದಕ್ಕಿಂತ ಮಾರಿನಲ್ಲಿ ಯೋಚಿಸುವುದು ನನಗೆ ಸುಲಭ, ಯಾಕೆಂದರೆ ಆ ಅಳತೆ ಮೈಯಲ್ಲೇ ಇದೆ. 2 ಮೀಟರಿಗೆ ಇಟ್ಟ ರಿಂಗು ಎಫ್ 8ರಲ್ಲಿ ಮುಕ್ಕಾಲು ಮಾರಿನಿಂದ ಮೂರು ಮಾರಿನವರೆಗೆ ಹಿಡಿಯುತ್ತದೆ. ಎದುರಿಗಿರುವ ಹೂವಿನವರು ಆ ಅಂತರದೊಳಗೆ ಇದ್ದಾರಾ ಅಂತ ಮಾತ್ರ ನೋಡಬೇಕು. ಅದು ಒಂದು ನೋಟಕ್ಕೆ ಗೊತ್ತಾಗುತ್ತದೆ.

ಈ ಕಣ್ಣಳತೆ ಸುಮ್ನೆ ಬರುವುದಿಲ್ಲ. ಫಿಲ್ಮ್ ಹಾಕದೆಯೇ ಅಭ್ಯಾಸ ಮಾಡಬಹುದು. ಬಾಗಿಲು, ಕುರ್ಚಿ, ಬಸ್ ಸ್ಟಾಪಿನ ಕಂಬ, ಏನಾದರೂ ಸರಿ. ಮೊದಲು ದೂರ ಎಷ್ಟು ಅಂತ ಮನಸ್ಸಿನಲ್ಲಿ ಹೇಳಿಕೊಳ್ಳಿ. ಆಮೇಲೆ ರೇಂಜ್‌ಫೈಂಡರಿನಲ್ಲಿ ಬಿಂಬ ಕೂಡಿಸಿ, ರಿಂಗಿನ ಮೇಲಿನ ಅಂಕಿ ಓದಿ. ಎರಡರ ನಡುವಿನ ವ್ಯತ್ಯಾಸವೇ ಪಾಠ. ಹೀಗೆ ಅಳತೆಯ ಸಾಧನವನ್ನು ನಾನು ಮೇಷ್ಟ್ರಂತೆ ಬಳಸುತ್ತೇನೆ. ಒಂದು ಕಿವಿಮಾತು: ಅಂದಾಜನ್ನು ಬರಿಗಣ್ಣಿನಲ್ಲೇ ಮಾಡಿ, ಆಮೇಲೆ ಕ್ಯಾಮೆರಾ ಎತ್ತಿ. ವೈಡ್ ವ್ಯೂಫೈಂಡರಿನಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ. ಚಿಕ್ಕದಾಗಿ ಕಂಡದ್ದನ್ನು ಕಣ್ಣು ದೂರ ಇದೆ ಅಂತ ತಿಳಿಯುತ್ತದೆ. ಅನುಮಾನ ಬಂದರೆ ಸ್ವಲ್ಪ ಹತ್ತಿರಕ್ಕೇ ಇಡಿ. ಶಾರ್ಪ್ ಆಗಿರುವ ಜಾಗ ಫೋಕಸ್ಸಿನ ಮುಂದೆ ಕಡಿಮೆ, ಹಿಂದೆ ಜಾಸ್ತಿ.

ಬೆರಳಿಗೂ ತರಬೇತಿ ಬೇಕು. ನನ್ನ ಲೆನ್ಸಿನ ರಿಂಗಿನಲ್ಲಿ ಬೆರಳಿಟ್ಟು ತಿರುಗಿಸುವ ಸಣ್ಣ ಹಿಡಿಕೆ ಇದೆ. ಅದು ನೇರ ಕೆಳಗಿದ್ದರೆ ಒಂದೂವರೆ ಮೀಟರ್, ಒಂದು ಬದಿಗೆ ಹೋದಷ್ಟೂ ದೂರ, ಇನ್ನೊಂದು ಬದಿಗೆ ಹತ್ತಿರ. ಕ್ಯಾಮೆರಾ ಎದೆಯ ಹತ್ತಿರ ಇದ್ದಾಗಲೇ ಬೆರಳು ಫೋಕಸ್ ಮುಗಿಸಿರುತ್ತದೆ. ಎಷ್ಟೋ ಸಲ ರಿಂಗ್ ಮುಟ್ಟದೆ ಅರ್ಧ ಹೆಜ್ಜೆ ಹಿಂದೆ ಮುಂದೆ ಹೋಗಿಯೇ ಅಂತರ ಸರಿ ಮಾಡಿಕೊಳ್ಳುತ್ತೇನೆ.

ಹಾಗಾದರೆ ಅಂದಾಜು ಎಲ್ಲಿ ಸಾಲದು? ಬೆಳಗಿನ ಜಾವ, ಕಟ್ಟಡದ ಒಳಗೆ, ಬಲ್ಬಿನ ಬೆಳಕಿನಲ್ಲಿ. 400 ಐಎಸ್ಒ ಫಿಲ್ಮಿಗೆ ಅಲ್ಲಿ ಸಿಗುವುದು ಎಫ್ 2.8, ಸೆಕೆಂಡಿನ 30ನೇ ಒಂದು ಭಾಗ. ಆಗ ಒಂದೂವರೆ ಮೀಟರಿಗೆ ಫೋಕಸ್ ಇಟ್ಟರೆ ಶಾರ್ಪ್ ಆಗಿರುವುದು 1.3ರಿಂದ 1.8 ಮೀಟರ್, ಅಂದರೆ ಬರೀ ಒಂದು ಮೊಳದಷ್ಟು ಜಾಗ. ಒಂದು ಮೀಟರಿಗೆ ಬಂದರೆ ಗೇಣಿನಷ್ಟು. ಇಲ್ಲಿ ನಾನು ಅಂದಾಜಿಗೆ ಬಿಡುವುದಿಲ್ಲ, ರೇಂಜ್‌ಫೈಂಡರಿಗೆ ಕಣ್ಣಿಡುತ್ತೇನೆ. ಅದಕ್ಕೆ ಹಿಡಿಯಲು ಒಂದು ನೆಟ್ಟಗಿನ ಗೆರೆ ಬೇಕು. ಸೇವಂತಿಗೆ ರಾಶಿಯಲ್ಲಿ ಅಂಥ ಗೆರೆ ಸಿಗುವುದಿಲ್ಲ. ತಕ್ಕಡಿಯ ಸರಪಳಿ, ಕನ್ನಡಕದ ಅಂಚು, ಸೀರೆಯ ಬಾರ್ಡರ್ ಹುಡುಕುತ್ತೇನೆ.

ಆದರೆ ಸಾಧನವೂ ಕಣ್ಕಟ್ಟು ಮಾಡುವ ಜಾಗ ಇದೇ ಮಾರ್ಕೆಟ್ಟಿನಲ್ಲಿದೆ. ಚೆಂಡುಹೂವಿನ ಹಾರಗಳನ್ನು ಒತ್ತಾಗಿ ಸಾಲಾಗಿ ನೇತುಹಾಕಿರುತ್ತಾರಲ್ಲ, ಅದರ ಮುಂದೆ ನಿಂತು ಬಿಂಬ ಕೂಡಿಸಿ ನೋಡಿ. ಒಂದು ಹಾರದ ಬಿಂಬ ಪಕ್ಕದ ಹಾರದ ಮೇಲೆ ಹೋಗಿ ಕೂರುತ್ತದೆ. ಎಲ್ಲ ಹಾರವೂ ಒಂದೇ ಥರ, ಹಾಗಾಗಿ ಕಣ್ಣಿಗೆ ಸರಿಯಾಗಿ ಕೂಡಿದ ಹಾಗೇ ಕಾಣುತ್ತದೆ. ರಿಂಗ್ ಮಾತ್ರ ಬೇರೆಲ್ಲೋ ಇರುತ್ತದೆ. ಕಿಟಕಿಯ ನೆಟ್ಟಗಿನ ಸರಳುಗಳ ಮುಂದೆಯೂ ಇದೇ ಕಥೆ. ಒಂದು ಮಾರು ದೂರ ಅಂತ ಕಣ್ಣು ಮೊದಲೇ ಹೇಳಿದ್ದರೆ, ರಿಂಗ್ 3 ಮೀಟರ್ ತೋರಿಸಿದ ಕೂಡಲೇ ಅನುಮಾನ ಬರುತ್ತದೆ. ಕರಾರುವಾಕ್ಕಾದ ಸಾಧನಕ್ಕೂ ಅಂದಾಜಿನ ಕಾವಲು ಬೇಕು ಅಂತ ನಾನು ಹೇಳುವುದು ಇದಕ್ಕೇ.

ಎಸ್ಎಲ್ಆರ್ (ಲೆನ್ಸಿನ ಮೂಲಕವೇ ಸ್ಕ್ರೀನಿನಲ್ಲಿ ನೋಡಿ ಫೋಕಸ್ ಮಾಡುವ ಕ್ಯಾಮೆರಾ) ಬಳಸುವವರಿಗೆ ವೈಡ್ ಲೆನ್ಸ್ ಇನ್ನೂ ಕಷ್ಟ. ಸ್ಕ್ರೀನಿನಲ್ಲಿ ಎಲ್ಲವೂ ಶಾರ್ಪ್ ಆಗಿಯೇ ಕಾಣುತ್ತದೆ, ಸರಿಯಾದ ಜಾಗ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಕತ್ತಲಲ್ಲಂತೂ ಕೇಳಬೇಡಿ. ಅಂಥವರು ಹತ್ತಿರದ ದೂರಕ್ಕೆ ಟೇಪ್ ಹಿಡಿದರೂ ತಪ್ಪಿಲ್ಲ. ಕ್ಯಾಮೆರಾದ ಮೇಲೆ ಸೊನ್ನೆಗೆ ಅಡ್ಡ ಗೆರೆ ಎಳೆದ ಗುರುತು ಇದ್ದರೆ ಅಲ್ಲಿಂದ ಅಳೆಯಿರಿ. ಫಿಲ್ಮ್ ಇರುವ ಜಾಗ ಅದು. ಹ್ಯಾಸೆಲ್‌ಬ್ಲಾಡ್‌ನ 38 ಎಂಎಂ ಬಯೋಗಾನ್ ಇರುವ ಸೂಪರ್ ವೈಡ್ ಕ್ಯಾಮೆರಾದಲ್ಲಿ ರೇಂಜ್‌ಫೈಂಡರೇ ಇಲ್ಲ. ಅಷ್ಟು ಒಳ್ಳೆಯ ಲೆನ್ಸನ್ನೂ ರಿಂಗಿನ ಅಂಕಿ ನೋಡಿಯೇ ಫೋಕಸ್ ಮಾಡುತ್ತಾರೆ, ತೀರಾ ಬೇಕಾದರೆ ಹಿಂದೆ ಗ್ರೌಂಡ್ ಗ್ಲಾಸ್ (ಬಿಂಬ ಮೂಡುವ ಮಸುಕು ಗಾಜು) ಹಾಕುತ್ತಾರೆ.

ಇನ್ನು ಬೆಟ್ಟ, ಬಯಲು, ದೂರದ ಗೋಪುರಗಳ ವಿಷಯ. ಇಲ್ಲಿ ಬಹಳ ಜನ ಹೈಪರ್‌ಫೋಕಲ್ ಲೆಕ್ಕ ಹಾಕುತ್ತಾರೆ, ಅಂದರೆ ಇನ್‌ಫಿನಿಟಿ (ಅತಿ ದೂರ) ತನಕ ಶಾರ್ಪ್ ಬರುವಂತೆ ರಿಂಗನ್ನು ಎಷ್ಟು ಹತ್ತಿರಕ್ಕೆ ಇಡಬಹುದು ಅನ್ನುವ ಲೆಕ್ಕ. 28 ಎಂಎಂ, ಎಫ್ 8ಕ್ಕೆ ಅದು 3.3 ಮೀಟರ್. ಅಲ್ಲಿಗೆ ಇಟ್ಟರೆ 1.65 ಮೀಟರಿನಿಂದ ಇನ್‌ಫಿನಿಟಿವರೆಗೆ ಶಾರ್ಪ್ ಅಂತ ಲೆನ್ಸಿನ ಮೇಲಿನ ಗೆರೆಗಳೂ (ಪ್ರತಿ ಎಫ್ ಅಂಕಿಗೆ ಎಲ್ಲಿಂದ ಎಲ್ಲಿವರೆಗೆ ಶಾರ್ಪ್ ಅಂತ ತೋರಿಸುವ ಗುರುತುಗಳು) ಹೇಳುತ್ತವೆ. ಆ ಗೆರೆಗಳ ಹಿಂದಿನ ಲೆಕ್ಕವೆಂದರೆ ಫಿಲ್ಮಿನ ಮೇಲೆ 0.03 ಎಂಎಂ ಮಸುಕು ಇದ್ದರೂ ನಡೆಯುತ್ತದೆ ಅನ್ನುವುದು. ಸಣ್ಣ ಪ್ರಿಂಟಿಗೆ ಸರಿ. 12x18 ಇಂಚಿಗೆ ದೊಡ್ಡದು ಮಾಡಿದರೆ ಆ ಮಸುಕು 0.38 ಎಂಎಂ ಆಗುತ್ತದೆ, ಹತ್ತಿರ ಹೋದರೆ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಎಫ್ 8ರಲ್ಲಿ ತೆಗೆಯುವಾಗ ನಾನು ಎಫ್ 5.6ರ ಗೆರೆಗಳನ್ನು ನಂಬುತ್ತೇನೆ.

ಹಂಪಿಯ ಮಾತಂಗ ಬೆಟ್ಟದಿಂದ ಕೆಳಗೆ ಅಚ್ಯುತರಾಯ ದೇವಸ್ಥಾನದ ಕಡೆ ತಿರುಗಿದರೆ ಈ ಲೆಕ್ಕವನ್ನೂ ಬಿಟ್ಟು ರಿಂಗನ್ನು ನೇರ ಇನ್‌ಫಿನಿಟಿಗೆ ಇಡುತ್ತೇನೆ. ಇನ್‌ಫಿನಿಟಿಗೆ ಇಟ್ಟಾಗ ಹತ್ತಿರದ ವಸ್ತುಗಳ ಮೇಲಿನ ಮಸುಕು ಲೆನ್ಸಿನ ತೂತಿನಷ್ಟೇ ಅಗಲ ಇರುತ್ತದೆ. 28 ಎಂಎಂ, ಎಫ್ 8 ಅಂದರೆ 3.5 ಎಂಎಂ. ಮುಂದಿರುವ ಬಂಡೆಯ ಬಿರುಕು, ಪೊದೆಯ ಎಲೆ ಅದಕ್ಕಿಂತ ದೊಡ್ಡವು, ಗುರುತು ಸಿಗುತ್ತವೆ. ಬಂಡೆಯ ಮೇಲಿನ ಸಣ್ಣ ಹರಳುಗಳೇ ಬೇಕು ಅನ್ನಿಸಿದಾಗ ಮಾತ್ರ ಎಫ್ 11ಕ್ಕೆ ಇಳಿಸಿ, ರಿಂಗನ್ನು 3 ಮೀಟರ್ ಹತ್ತಿರಕ್ಕೆ ತರುತ್ತೇನೆ.