ತುಕ್ಕು ಬಾರದಂತೆ ಉಕ್ಕಿಗೆ ಪೇಂಟ್ ಮಾಡುವುದು ಹೇಗೆ?

ಉಕ್ಕಿನ ಮೆಟ್ಟಿಲು, ಶೆಡ್ಡಿನ ಕಂಬ, ಟ್ಯಾಂಕಿನ ಸ್ಟ್ಯಾಂಡಿಗೆ ಪೇಂಟ್ ಹೊಡೆದ ಸ್ವಲ್ಪ ದಿನಕ್ಕೇ ತುಕ್ಕು ಎದ್ದರೆ ಎಲ್ಲರೂ ಪೇಂಟನ್ನೇ ಬೈಯುತ್ತಾರೆ. ಬಹಳಷ್ಟು ಸಲ ಕೆಲಸ ಕೆಟ್ಟಿರುವುದು ಅದಕ್ಕೂ ಮೊದಲು, ಸರಿಯಾಗಿ ಉಜ್ಜದೆ ಇದ್ದಾಗಲೇ.

ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ಉಪ್ಪು ಸೇರಿದರೆ ಇನ್ನೂ ಜೋರು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಒಳಗೇ ಉಬ್ಬಿ ಮೇಲಿನ ಪೇಂಟನ್ನು ಎಬ್ಬಿಸಿಬಿಡುತ್ತದೆ.

ಮೊದಲು ನೀರು ಎಲ್ಲಿ ನಿಲ್ಲುತ್ತದೆ ನೋಡಿ. ಕಂಬದ ಬುಡ, ಬೋಲ್ಟಿನ ಸುತ್ತ, ಎರಡು ಪ್ಲೇಟುಗಳ ಸಂದು. ಅಲ್ಲಿ ಸೇರಿದ ಮಣ್ಣು, ಕಸ ತೆಗೆಯಿರಿ. ನೀರು ಹರಿದುಹೋಗಲು ದಾರಿ ಮಾಡಿ.

ಆಮೇಲೆ ಎಣ್ಣೆ, ಜಿಡ್ಡು ಒರೆಸಿ. ಇದನ್ನು ಬಿಟ್ಟು ನೇರವಾಗಿ ವೈರ್ ಬ್ರಷ್ ಹಿಡಿದರೆ ಜಿಡ್ಡು ಎಲ್ಲ ಕಡೆ ಹರಡುತ್ತದೆ, ಅಷ್ಟೇ. ಉಪ್ಪು ಗಾಳಿ ಬೀಸುವ ಜಾಗವಾದರೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ನಂತರ ಚಕ್ಕೆಗಳನ್ನು ಕೆರೆದು, ಬ್ರಷ್ ಹಾಕಿ, ಎಮರಿ ಪೇಪರಿನಲ್ಲಿ ಉಜ್ಜಿ. ಹಳೆ ಪೇಂಟಿನ ಅಂಚು ಬೆರಳಿಗೆ ತಟ್ಟದಷ್ಟು ನುಣುಪಾಗಬೇಕು. ತುಂಬಾ ಹಳೆಯ ಪೇಂಟಿನಲ್ಲಿ ಸೀಸ ಇರಬಹುದು, ಅದನ್ನು ಒಣದಾಗಿ ಉಜ್ಜಿ ಪುಡಿ ಎಬ್ಬಿಸಬೇಡಿ.

ಉಜ್ಜಿದ ದಿನವೇ ಪ್ರೈಮರ್, ಅಂದರೆ ಪೇಂಟಿಗೂ ಮೊದಲಿನ ತಳದ ಕೋಟ್, ಹೊಡೆಯಿರಿ. ಬರಿಯ ಉಕ್ಕು ರಾತ್ರಿ ತಂಪಿಗೆ ಮತ್ತೆ ಕೆಂಪಾಗುತ್ತದೆ. ಬೆಳಗ್ಗೆ ಒಣಗಿದಂತೆ ಕಂಡರೂ ಲೋಹದ ಮೇಲೆ ತೆಳ್ಳಗೆ ಇಬ್ಬನಿ ಕೂತಿರುತ್ತದೆ. ಅದಕ್ಕೇ ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಉಕ್ಕು ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು ಅನ್ನುವುದು ಪೇಂಟ್ ಕೆಲಸದವರ ನಿಯಮ.

ಚೂಪು ಅಂಚುಗಳಲ್ಲಿ ಪೇಂಟ್ ನಿಲ್ಲುವುದಿಲ್ಲ, ಜಾರಿ ತೆಳುವಾಗುತ್ತದೆ. ತುಕ್ಕು ಶುರುವಾಗುವುದೂ ಅಲ್ಲೇ, ಅಲ್ವಾ? ಅಂಚು, ವೆಲ್ಡಿಂಗ್, ಬೋಲ್ಟ್ ತಲೆಗೆ ಮೊದಲು ಸಣ್ಣ ಬ್ರಷ್ಷಿನಲ್ಲಿ ಒಂದು ಕೋಟ್ ಕೊಟ್ಟು, ಆಮೇಲೆ ಇಡೀ ಕಂಬಕ್ಕೆ ಹೊಡೆಯಿರಿ. ಒಂದೊಂದು ಕೋಟಿಗೂ ಬೇರೆ ಬಣ್ಣ ಇದ್ದರೆ ಬಿಟ್ಟುಹೋದ ಜಾಗ ತಕ್ಷಣ ಕಾಣುತ್ತದೆ.

ಹೊಸದಾಗಿ ಕಟ್ಟಿಸುವವರು ಗ್ಯಾಲ್ವನೈಸ್ ಮಾಡಿದ ಉಕ್ಕು ತಗೊಳ್ಳುವುದು ಒಳ್ಳೆಯದು. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಅದ್ದಿ ತೆಗೆದಿರುತ್ತಾರೆ. ಮೇಲೆ ಗೀರು ಬಿದ್ದರೂ ಸತು ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ.

ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದಾಗ ಕಂಬದಿಂದ ಪದರ ಪದರವಾಗಿ ಉದುರಿದರೆ ಮಾತ್ರ ಪೇಂಟ್ ಡಬ್ಬ ಬದಿಗಿಡಿ. ಎಷ್ಟು ದಪ್ಪ ಉಳಿದಿದೆ ಎಂದು ಇಂಜಿನಿಯರ್ ಕರೆಸಿ ಅಳೆಸಿ.