ಸಜ್ಜಾ ಮೊದಲು, ಎಸಿ ಆಮೇಲೆ: ಇಕೋ ನಿವಾಸ್ ಸಂಹಿತೆಯ ಲೆಕ್ಕ ಹಾಕುವುದು ಹೇಗೆ

ಫ್ರಿಜ್ಜು, ಎಸಿಗಳನ್ನು ಹತ್ತು ಹದಿನೈದು ವರ್ಷಕ್ಕೆ ಬದಲಾಯಿಸುತ್ತೇವೆ. ಗೋಡೆ ಹಾಗಲ್ಲ, ಒಮ್ಮೆ ಎದ್ದರೆ 50 ವರ್ಷ ನಿಲ್ಲುತ್ತದೆ. ಅಷ್ಟೂ ವರ್ಷ ಅದು ಒಳಗೆ ಬಿಟ್ಟುಕೊಳ್ಳುವ ಬಿಸಿಯನ್ನು ಹೊರಹಾಕಲು ಕರೆಂಟು ಬೇಕು, ಆ ಕರೆಂಟಿನ ದೊಡ್ಡ ಪಾಲು ಇಂದಿಗೂ ಕಲ್ಲಿದ್ದಲಿನದು. ಹಾಗಾಗಿ ವಸತಿ ಕಟ್ಟಡಗಳಿಗೆಂದು 2018ರ ಡಿಸೆಂಬರಿನಲ್ಲಿ ಬಂದ ಇಕೋ ನಿವಾಸ್ ಸಂಹಿತೆಯ (ಕೇಂದ್ರ ಸರ್ಕಾರದ ಇಂಧನ ಉಳಿತಾಯ ನಿಯಮಾವಳಿ) ಮೊದಲ ಭಾಗ ಯಂತ್ರಗಳನ್ನು ಮುಟ್ಟುವುದೇ ಇಲ್ಲ. ಗೋಡೆ, ಕಿಟಕಿ, ತಾರಸಿಯ ಮಾತನ್ನಷ್ಟೇ ಆಡುತ್ತದೆ. ಅದು ಅನ್ವಯವಾಗುವುದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆ. 30×40 ಸೈಟು ಸುಮಾರು 111 ಚದರ ಮೀಟರ್ ಮಾತ್ರ, ಆದರೂ ಅಲ್ಲಿ ಕಟ್ಟುವವರಿಗೂ ಈ ಲೆಕ್ಕ ಅಷ್ಟೇ ಉಪಯುಕ್ತ. ಇಲ್ಲಿನ ಅಂಕಿಗಳು 2018ರ ಆವೃತ್ತಿಯವು. ನಕ್ಷೆ ಮಂಜೂರಾತಿಗೆ ಹೋಗುವ ಮುನ್ನ ನಿಮ್ಮ ಪ್ರಾಧಿಕಾರ ಯಾವ ಆವೃತ್ತಿಯನ್ನು ಅನುಸರಿಸುತ್ತದೆಂದು ಕೇಳಿಕೊಳ್ಳಿ.

ಸಂಹಿತೆಯ ಜೀವಾಳ ಆರ್‌ಇಟಿವಿ ಎಂಬ ಒಂದು ಸಂಖ್ಯೆ: ತಾರಸಿ ಬಿಟ್ಟು ಉಳಿದ ಹೊರಮೈಯ ಪ್ರತಿ ಚದರ ಮೀಟರಿನಿಂದ ಒಳಬರುವ ಬಿಸಿ. ಶೀತ ಪ್ರದೇಶ ಬಿಟ್ಟು ಬೇರೆಲ್ಲ ಕಡೆ ಅದು 15 ವಾಟ್ ಮೀರಬಾರದು. ಮೂರು ಮೊತ್ತಗಳನ್ನು ಕೂಡಿಸಿ ಒಟ್ಟು ಹೊರಮೈ ವಿಸ್ತೀರ್ಣದಿಂದ ಭಾಗಿಸಬೇಕು. ಬೆಂಗಳೂರಿನ ಸಮಶೀತೋಷ್ಣ ಹವೆಗೆ ಆ ಮೂರು ಹೀಗಿವೆ: ಗೋಡೆಯ ವಿಸ್ತೀರ್ಣ × ಯು ಮೌಲ್ಯ (ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ದಾಟುವ ಬಿಸಿ, ವಾಟ್ ಲೆಕ್ಕದಲ್ಲಿ) × 3.38, ಗಾಜಿನ ವಿಸ್ತೀರ್ಣ × ಯು ಮೌಲ್ಯ × 0.37, ಗಾಜಿನ ವಿಸ್ತೀರ್ಣ × ಎಸ್‌ಎಚ್‌ಜಿಸಿ (ಗಾಜಿನ ಮೇಲೆ ಬೀಳುವ ಬಿಸಿಲಿನ ಶಾಖದಲ್ಲಿ ಒಳಬರುವ ಪಾಲು) × 63.69. ಪ್ರತಿಯೊಂದನ್ನೂ ದಿಕ್ಕಿನ ಗುಣಾಂಕದಿಂದ ಗುಣಿಸಬೇಕು: ಉತ್ತರಕ್ಕೆ 0.659, ಪೂರ್ವಕ್ಕೆ 1.155, ದಕ್ಷಿಣಕ್ಕೆ 0.966, ಪಶ್ಚಿಮಕ್ಕೆ 1.156. ಅಂದರೆ ಅದೇ ಕಿಟಕಿ ಉತ್ತರಕ್ಕಿಂತ ಪಶ್ಚಿಮದಲ್ಲಿದ್ದರೆ ಮುಕ್ಕಾಲು ಪಟ್ಟು ಹೆಚ್ಚು ಬಿಸಿ ತರುತ್ತದೆ.

ನಾಲ್ಕೂ ದಿಕ್ಕಿಗೆ ಸಮನಾಗಿ ಹಂಚಿದ, 80 ಪಾಲು ಗೋಡೆ, 20 ಪಾಲು ಗಾಜಿನ ಮನೆಯೊಂದನ್ನು ತೆಗೆದುಕೊಳ್ಳಿ. ದಿಕ್ಕಿನ ಸರಾಸರಿ 0.984. ಗೋಡೆ 8 ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕ್ (ಯು ಸುಮಾರು 2.8), ಗಾಜು ಒಂಟಿ ಪದರದ ಪಾರದರ್ಶಕ ಗಾಜು (ಯು 5.8, ಎಸ್‌ಎಚ್‌ಜಿಸಿ 0.82). ಗೋಡೆಯಿಂದ 7.45, ಗಾಜಿನ ವಹನದಿಂದ 0.42, ಗಾಜು ದಾಟಿ ಬರುವ ಬಿಸಿಲಿನಿಂದ 10.28, ಒಟ್ಟು 18.15. ಫೇಲು. ಐದರಲ್ಲೊಂದು ಪಾಲಿರುವ ಗಾಜೇ ಅರ್ಧಕ್ಕಿಂತ ಹೆಚ್ಚು ಬಿಸಿ ತರುತ್ತಿದೆ ನೋಡಿ. ಸಜ್ಜಾ ಹಾಕಿ ಎಸ್‌ಎಚ್‌ಜಿಸಿಯನ್ನು ಸರಾಸರಿ 0.55ಕ್ಕೆ ಇಳಿಸಿದರೆ, ಗೋಡೆ ಮುಟ್ಟದೆಯೇ 14.77ಕ್ಕೆ ಬಂದು ಪಾಸಾಗುತ್ತದೆ.

ಇದೇ ಮನೆ ಮಂಗಳೂರಿನಲ್ಲಿದ್ದರೆ? ಅಲ್ಲಿನ ಬೆಚ್ಚನೆಯ, ತೇವದ ಹವೆಗೆ ಗುಣಕಗಳು 5.15, 1.31, 65.21. ಒಟ್ಟು 23.37 ಆಗುತ್ತದೆ. ಸಜ್ಜಾ ಮಾತ್ರ ಹಾಕಿದರೆ 19.91, ಗೋಡೆಯನ್ನು ಮಾತ್ರ 200 ಮಿ.ಮೀ. ಎಎಸಿ ಬ್ಲಾಕಿಗೆ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್, ಯು ಸುಮಾರು 0.77) ಬದಲಿಸಿದರೆ 15.14, ಕೂದಲೆಳೆಯಲ್ಲಿ ಫೇಲು. ಎರಡೂ ಸೇರಿದಾಗ 11.68. ಬೆಂಗಳೂರಿನ ನಕ್ಷೆಯನ್ನು ಕರಾವಳಿಗೆ ಹಾಗೇ ಒಯ್ಯಬೇಡಿ.

ಸಜ್ಜಾ ಎಷ್ಟು ಚಾಚಬೇಕು ಎಂಬುದಕ್ಕೆ ಅಳತೆ ಸುಲಭ: ಚಾಚಿದ ಉದ್ದವನ್ನು ಕಿಟಕಿಯ ತಳದಿಂದ ಸಜ್ಜಾದ ಕೆಳಮೈವರೆಗಿನ ಎತ್ತರದಿಂದ ಭಾಗಿಸಿ. 1.2 ಮೀಟರ್ ಎತ್ತರಕ್ಕೆ 60 ಸೆಂ.ಮೀ. ಸಜ್ಜಾ ಎಂದರೆ 0.5. ಈ ಅನುಪಾತಕ್ಕೆ ದಿಕ್ಕಿನ ಪ್ರಕಾರ ನೆರಳಿನ ಗುಣಾಂಕ ಸಂಹಿತೆಯ ಕೋಷ್ಟಕದಲ್ಲಿದೆ. ಅದನ್ನು ಗಾಜಿನ ಎಸ್‌ಎಚ್‌ಜಿಸಿಗೆ ಗುಣಿಸಿ. ಅಲಂಕಾರಕ್ಕೆಂದು ಹಾಕುವ ಒಂದಡಿ ಪಟ್ಟಿಯಿಂದ ಹೆಚ್ಚೇನೂ ಸಿಗದು. ಕಪ್ಪು ಫಿಲ್ಮ್ ಅಂಟಿಸಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ: ಗಾಜಿನ ಪಾಲು 30% ಒಳಗಿದ್ದಾಗ ಗಾಜು ಕನಿಷ್ಠ 27% ಬೆಳಕು ಬಿಡಲೇಬೇಕು.

ಗೋಡೆಯ ಲೆಕ್ಕದಲ್ಲಿ ಕಂಬ, ತೊಲೆಗಳನ್ನು ಮರೆಯುವುದು ಸಾಮಾನ್ಯ ತಪ್ಪು. ಅಲ್ಯೂಮಿನಿಯಂ ಫಾರ್ಮ್‌ವರ್ಕ್‌ನಲ್ಲಿ ಸುರಿದ ಅಪಾರ್ಟ್‌ಮೆಂಟಿನ ಗೋಡೆಯೆಲ್ಲ ಕಾಂಕ್ರೀಟೇ, 160 ಮಿ.ಮೀ. ದಪ್ಪಕ್ಕೆ ಯು 3.3 ಅಥವಾ ಅದಕ್ಕೂ ಹೆಚ್ಚು. ಮೇಲಿನ ಸಜ್ಜಾ ಇದ್ದರೂ ಬೆಂಗಳೂರಿನಲ್ಲೇ 16 ದಾಟುತ್ತದೆ. ಎಎಸಿ ಬ್ಲಾಕಿಗೆ ದಪ್ಪ ಸಿಮೆಂಟ್ ಗಾರೆ ಹಾಕಿದರೆ ಸಂದುಗಳಲ್ಲೇ ಬಿಸಿ ನುಸುಳುತ್ತದೆ, ತೆಳು ಅಂಟುಗಾರೆಯನ್ನೇ ಬಳಸಿ.

ಗಾಳಿಗೆ ತೆರೆಯುವ ಜಾಗ ಬೆಂಗಳೂರಿನಲ್ಲಿ ಕಾರ್ಪೆಟ್ ಏರಿಯಾದ (ಗೋಡೆಗಳೊಳಗಿನ ಬಳಸುವ ನೆಲ) 12.5% ಇರಬೇಕು, ಮಂಗಳೂರಿನಲ್ಲಿ 16.66%. ಬೆಂಗಳೂರಿನ 90 ಚದರ ಮೀಟರ್ ಫ್ಲಾಟಿಗೆ 11.25 ಚದರ ಮೀಟರ್. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಅರ್ಧವೇ ತೆರೆಯುವುದರಿಂದ 22.5 ಚದರ ಮೀಟರ್ ಕಿಟಕಿ ಬೇಕಾಗುತ್ತದೆ, ಅಷ್ಟೂ ಗಾಜು ಮತ್ತೆ ಬಿಸಿ ತರುತ್ತದೆ. 90% ತೆರೆಯುವ ಕೀಲುಬಾಗಿಲಿನ ಕಿಟಕಿಯಾದರೆ 12.5 ಸಾಕು. ಬಾಲ್ಕನಿ ಬಾಗಿಲನ್ನೂ ಎಣಿಸಬಹುದು.

ತಾರಸಿಯ ಯು ಮೌಲ್ಯ 1.2 ಮೀರಬಾರದು. ಬರೀ 150 ಮಿ.ಮೀ. ಆರ್‌ಸಿಸಿಯದು 3ರ ಆಸುಪಾಸು. ಮೇಲೆ 100 ಮಿ.ಮೀ. ಇಟ್ಟಿಗೆ ಚೂರಿನ ಕೋಬಾ ಹಾಕಿದರೂ 2ಕ್ಕಿಂತ ಮೇಲೆಯೇ. 25 ಮಿ.ಮೀ. ಎಕ್ಸ್‌ಪಿಎಸ್ ಹಲಗೆ (ಬಿಸಿ ತಡೆಯುವ ಗಟ್ಟಿ ಫೋಮ್) ಸೇರಿಸಿದರೆ 1ರ ಒಳಗೆ ಬರುತ್ತದೆ. ಕ್ರಮ ಮುಖ್ಯ: ಇಳಿಜಾರು, ವಾಟರ್‌ಪ್ರೂಫಿಂಗ್, ಹಲಗೆ, ಜಿಯೋಟೆಕ್ಸ್‌ಟೈಲ್ (ನೀರು ಇಳಿಯಬಿಡುವ ಬಟ್ಟೆ), ಸ್ಕ್ರೀಡ್ (ಮಟ್ಟಸದ ಸಿಮೆಂಟ್ ಪದರ), ಬಿಳಿ ಟೈಲ್ಸ್. ಬಿಸಿಲಿಗೆ ಬಿಟ್ಟ ಎಕ್ಸ್‌ಪಿಎಸ್ ಪುಡಿಯಾಗುತ್ತದೆ, ತಂದ ಕೂಡಲೇ ಮುಚ್ಚಿಡಿ. ಬಿಳಿ ಬಣ್ಣ ತಾರಸಿಯನ್ನು ತಂಪಾಗಿಡುತ್ತದೆ, ನಿಜ, ಆದರೆ ಯು ಮೌಲ್ಯವನ್ನು ಇಳಿಸುವುದಿಲ್ಲ; ಹಲಗೆಯ ಬದಲಿಗೆ ಅದನ್ನು ತೋರಿಸಲಾಗದು. ಪ್ಯಾರಪೆಟ್‌ನ ಬುಡದಲ್ಲಿ ಹಲಗೆ ಗೋಡೆಗೆ ತಾಗುವವರೆಗೂ ಬರಲಿ, ಅಲ್ಲಿ ಬಿಟ್ಟ ಕೈಯಗಲದ ಪಟ್ಟಿಯಲ್ಲೇ ಬಿಸಿ ಇಳಿಯುತ್ತದೆ.