ಬಿಸಿಲ ನಾಡಿನಲ್ಲಿ ಸ್ಕೌಟ್ ಬೇಸಿಗೆ ಶಿಬಿರ: ಏಳು ದಿನ ನಡೆಸೋದು ಹೇಗೆ

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದು ರಜೆ ಬಿಟ್ಟ ಕೂಡಲೇ ಟ್ರೂಪಿನ (ಸ್ಕೌಟ್ ದಳದ) ಮಕ್ಕಳು ಕೇಳೋದು ಒಂದೇ ಪ್ರಶ್ನೆ: "ಸರ್, ಈ ಸಲ ಕ್ಯಾಂಪ್ ಎಲ್ಲೈತ್ರೀ?" ಬಿಸಿಲು ಜಾಸ್ತಿ ಅಂತ ಹೇಳಿ ಆ ಮಕ್ಕಳನ್ನು ಸುಮ್ನೆ ಕಳಿಸಬೇಡಿ. ಕೊಪ್ಪಳ, ರಾಯಚೂರು, ಬಳ್ಳಾರಿಯ 40 ಡಿಗ್ರಿ ಬಿಸಿಲಲ್ಲೂ ಏಳು ದಿನದ ಶಿಬಿರ ಆಗುತ್ತೆ, ಚೆನ್ನಾಗೇ ಆಗುತ್ತೆ. ಆದರೆ ಮಲೆನಾಡಿನ ಕಡೆ ನಡೆಯೋ ಕ್ಯಾಂಪಿನ ವೇಳಾಪಟ್ಟಿಯನ್ನು ತಂದು ಇಲ್ಲಿ ನಡೆಸೋಕೆ ಹೋದರೆ ಮೂರನೇ ದಿನಕ್ಕೆ ಅರ್ಧ ಟ್ರೂಪು ಮಲಗಿರುತ್ತೆ. ಇಲ್ಲಿ ನೀರು, ನೆರಳು, ಹೊತ್ತು ಈ ಮೂರನ್ನು ಮೊದಲು ಹೊಂದಿಸಿಕೊಳ್ಳಬೇಕು. ಗಂಟು, ಹಾಡು, ಆಟ ಎಲ್ಲ ಆಮೇಲೆ.

ಮೊದಲು ತಿಂಗಳು ಗೊತ್ತು ಮಾಡಿ. ನನ್ನ ಆಯ್ಕೆ ಏಪ್ರಿಲ್ ಮೂರನೇ ವಾರ. ಮೇ ಬಂತು ಅಂದರೆ ಬಿಸಿಲೂ ಏರುತ್ತೆ, ಭರಣಿ, ಕೃತ್ತಿಕಾ ಮಳೆ ಹೊತ್ತಿಗೆ ಸಂಜೆ ಗಾಳಿ, ಗುಡುಗು, ಸಿಡಿಲೂ ಶುರುವಾಗುತ್ತೆ. ಇಡೀ ದಿನ ಕಾದ ನೆಲದ ಮೇಲೆ ನಾಲ್ಕು ಗಂಟೆಗೆ ಮೋಡ ಕಟ್ಟಿ, ಹತ್ತು ನಿಮಿಷದಲ್ಲಿ ಟೆಂಟು ಕಿತ್ತು ಹೋಗುವಂಥ ಗಾಳಿ ಬರೋದನ್ನು ಈ ಕಡೆಯವರು ಎಲ್ಲರೂ ನೋಡಿದ್ದೀರಿ. ಏಪ್ರಿಲ್‌ನಲ್ಲೂ ಒಮ್ಮೊಮ್ಮೆ ಬರುತ್ತೆ. ಹಾಗಾಗಿ ಎಲ್ಲರೂ ಓಡಿ ಒಳಗೆ ಸೇರಬಹುದಾದ ಪಕ್ಕಾ ಕಟ್ಟಡ ಹತ್ತಿರ ಇರಲೇಬೇಕು. ಗುಡುಗಿದಾಗ ಮರದ ಕೆಳಗೆ ಯಾರೂ ನಿಲ್ಲಬಾರದು ಅಂತ ಮೊದಲ ದಿನವೇ ಹೇಳಿಬಿಡಿ, ಯಾಕಂದರೆ ನಾವೇ ಅವರಿಗೆ ಏಳು ದಿನ ಮರದ ಕೆಳಗೆ ಕೂರೋದನ್ನು ಕಲಿಸಿರುತ್ತೇವೆ.

ಜಾಗ ನೋಡುವಾಗ ಮಕ್ಕಳು ಆನೆಗೊಂದಿ, ಅಂಜನಾದ್ರಿ ಕಡೆಯ ಬಂಡೆಗಳನ್ನೇ ಕೇಳ್ತಾರೆ. ನೋಡೋಕೆ ಚಂದ, ನಿಜ. ಆದರೆ ಆ ಬಂಡೆ ಹಗಲೆಲ್ಲ ಕಾದು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತೆ, ಮತ್ತೆ ಆ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ. ಗುಡ್ಡದ ಬುಡದಲ್ಲಿ ಮಕ್ಕಳನ್ನು ಮಲಗಿಸಬೇಡಿ. ಊರಿಗೆ ಹತ್ತಿರ ಇರೋ ಶಾಲೆ ಆವರಣ, ನಾಲ್ಕೈದು ದೊಡ್ಡ ಬೇವಿನ ಮರ, ಕೆಲಸ ಮಾಡೋ ಶೌಚಾಲಯ, ಟ್ಯಾಂಕರ್ ಬರೋ ದಾರಿ, ಅರ್ಧ ಗಂಟೆಯೊಳಗೆ ಆಸ್ಪತ್ರೆ. ಇಷ್ಟಿದ್ದರೆ ಅದೇ ಒಳ್ಳೆ ಜಾಗ. ಸ್ಕೌಟ್ಸ್ ಮತ್ತು ಗೈಡ್ಸ್ ಜಿಲ್ಲಾ ಸಂಸ್ಥೆಯ ಒಪ್ಪಿಗೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಪೊಲೀಸ್ ಠಾಣೆ ಮತ್ತು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪತ್ರ, ಪಾಲಕರ ಸಹಿ, ಮಗುವಿಗೆ ಇರೋ ಕಾಯಿಲೆ ಮತ್ತು ಔಷಧಿಯ ಚೀಟಿ, ಇವೆಲ್ಲ ಹದಿನೈದು ದಿನ ಮೊದಲೇ ಮುಗಿಸಿಕೊಳ್ಳಿ. ಗೈಡ್ಸ್ ಹೆಣ್ಣುಮಕ್ಕಳೂ ಬರ್ತಾರೆ ಅಂದರೆ ಅವರ ಗುಂಪು ನೋಡಿಕೊಳ್ಳೋ ಗೈಡ್ ಕ್ಯಾಪ್ಟನ್ ಮೇಡಂ ಏಳು ದಿನವೂ ಅಲ್ಲೇ ಇರಬೇಕು.

ಇನ್ನು ನೀರು. ಇದೊಂದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ನಮ್ಮ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದು ಕುದಿಸಿದರೆ ಹೋಗಲ್ಲ, ನೀರು ಇಂಗಿದಷ್ಟೂ ಇನ್ನೂ ಗಟ್ಟಿಯಾಗುತ್ತೆ. ಬೋರ್ ನೀರು ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಇರಲಿ. ಕುಡಿಯೋಕೆ, ಅಡುಗೆಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದಲೇ ತರಿಸಿ. ಲೆಕ್ಕ ಹೀಗೆ: ನಾಲ್ಕು ಪೆಟ್ರೋಲ್ (ಟ್ರೂಪಿನೊಳಗಿನ ಸಣ್ಣ ಗುಂಪು), ಒಂದೊಂದರಲ್ಲಿ ಎಂಟು ಮಕ್ಕಳು, ಒಟ್ಟು 32, ಜೊತೆಗೆ ದೊಡ್ಡವರು ನಾಲ್ಕು ಜನ. ತಲೆಗೆ ದಿನಕ್ಕೆ 5 ಲೀಟರ್ ಕುಡಿಯೋಕೆ ಅಂದರೆ 180 ಲೀಟರ್. 20 ಲೀಟರಿನ ಒಂಬತ್ತು ಕ್ಯಾನ್. ಅಡುಗೆಗೆ ಇನ್ನೂ ಮೂರ್ನಾಲ್ಕು ಸೇರಿಸಿ. ಆಟೋದವರೊಬ್ಬರ ಹತ್ತಿರ ಏಳು ದಿನಕ್ಕೂ ಮೊದಲೇ ಮಾತಾಡಿಟ್ಟು, ಬೆಳಿಗ್ಗೆ ಆರಕ್ಕೇ ಕ್ಯಾನು ಬಂದು ಬೀಳುವಂತೆ ಮಾಡಿ.

ನೀರು ಇದ್ದರೆ ಸಾಲದು, ಮಕ್ಕಳು ಕುಡೀಬೇಕು. ನಾನು ಮೊದಲ ಸಲ ಟ್ರೂಪ್ ಕರ್ಕೊಂಡು ಹೋದಾಗ ಗುಡ್ಡ ಹತ್ತಿ ಇಳಿಯೋಕೆ ತಡವಾಗಿ ಹತ್ತೂವರೆ ಆಯಿತು. ಏಳನೇ ಕ್ಲಾಸಿನ ಒಬ್ಬ ಹುಡುಗ ಇಳಿಯುವಾಗಲೇ ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ಅವನ ಬಾಟಲಿ ಎತ್ತಿ ನೋಡಿದೆ, ತುಂಬಿತ್ತು. ಮುಚ್ಚಳ ಕೂಡ ತೆಗೆದಿರಲಿಲ್ಲ. ಕೇಳಿದರೆ, ನೀರು ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತೆ, ಎಲ್ಲರ ಮುಂದೆ ಹೇಗೆ ಕೇಳೋದು ಅಂತ ಸುಮ್ಮನಿದ್ದೆ ಅಂದ. ನೆರಳಿಗೆ ಹೊತ್ತು ತಂದು, ಅಂಗಿ ಬಿಚ್ಚಿ, ಮೈಗೆ ನೀರು ಹಾಕಿ ಗಾಳಿ ಬೀಸಿದೆವು, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿದೆವು. ಸುಧಾರಿಸಿಕೊಂಡ. ಆ ತುಂಬಿದ ಬಾಟಲಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅವತ್ತಿಂದ ಒಂದು ನಿಯಮ ಮಾಡಿದ್ದೇನೆ. ಪ್ರತಿ ಪೆಟ್ರೋಲ್ ಲೀಡರ್ ದಿನಕ್ಕೆ ಮೂರು ಸಲ ತನ್ನ ಏಳು ಜನರನ್ನೂ ಒಬ್ಬೊಬ್ಬರನ್ನೇ ಕರೆದು ಕೇಳಬೇಕು: "ಎಷ್ಟು ಸಲ ಹೋಗಿ ಬಂದಿ? ಯಾವ ಬಣ್ಣ ಇತ್ತು?" ಮೊದಲ ದಿನ ಮಕ್ಕಳು ನಗ್ತಾರೆ. ಎರಡನೇ ದಿನ ಗಂಭೀರವಾಗಿ ಉತ್ತರ ಕೊಡ್ತಾರೆ. ಬಣ್ಣ ಕಡು ಹಳದಿ ಇದ್ದರೆ ಆ ಮಗು ಎರಡು ಲೋಟ ಕುಡಿದು ನೆರಳಲ್ಲಿ ಕೂರಬೇಕು, ಆಮೇಲೇ ಆಟ.

ಓಆರ್‌ಎಸ್ ಪಾಕೀಟು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಚಮಚದ ಮೇಲೆ ಬೆರಳು ಆಡಿಸಿ ಮಟ್ಟ ಮಾಡಿ ಹಾಕಿ. ಉಪ್ಪು ಜಾಸ್ತಿ ಆಗಬಾರದು. ಮಗು ಅಸಂಬದ್ಧ ಮಾತಾಡ್ತಿದ್ದರೆ, ಮೈ ಕೆಂಡದ ಹಾಗೆ ಸುಡ್ತಿದ್ದರೆ, ಎಚ್ಚರ ತಪ್ಪಿದರೆ ಮನೆಮದ್ದು ಮಾಡ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರೋವರೆಗೂ ಮೈಗೆ ನೀರು ಹಾಕಿ ಬೀಸ್ತಾ ಇರಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಲೇಬಾರದು.

ಈಗ ಹೊತ್ತಿನ ವಿಷಯ. ದಿನವನ್ನು ಎರಡು ತುಂಡು ಮಾಡಿ. ಬೆಳಿಗ್ಗೆ 4:45ಕ್ಕೆ ಸೀಟಿ. ಬಿ.ಪಿ. ಸಿಕ್ಸ್ (ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪೊವೆಲ್ ಹೇಳಿಕೊಟ್ಟ ಆರು ವ್ಯಾಯಾಮ), ಸ್ನಾನ, ಆರೂವರೆಗೆ ಪ್ರಾರ್ಥನೆ ಮತ್ತು ಧ್ವಜಾರೋಹಣ, ತಿಂಡಿ, ಆಮೇಲೆ ಮೈಬೆವರಿಸೋ ಕೆಲಸ ಏನಿದ್ದರೂ ಹತ್ತರೊಳಗೆ ಮುಗೀಬೇಕು. ಹತ್ತರಿಂದ ನಾಲ್ಕೂವರೆವರೆಗೆ ಯಾರೂ ಬಿಸಿಲಿಗೆ ಹೋಗಬಾರದು. ಗಂಟು, ಪ್ರಥಮ ಚಿಕಿತ್ಸೆ, ನಕ್ಷೆ ಓದೋದು, ಸೋಪಾನದ (ಸ್ಕೌಟ್ ಹಂತದ ಪರೀಕ್ಷೆಯ) ಪಾಠ ಎಲ್ಲ ಬೇವಿನ ಮರದ ಕೆಳಗೆ ನಡೀಲಿ, ಊಟ ಆದ ಮೇಲೆ ಒಂದೂವರೆ ಗಂಟೆ ಕಡ್ಡಾಯ ನಿದ್ದೆ. ಬೆಳಿಗ್ಗೆ ಅಷ್ಟು ಬೇಗ ಎದ್ದ ಮಕ್ಕಳಿಗೆ ಅದು ಬೇಕೇ ಬೇಕು, ಅಲ್ವಾ? ನಾಲ್ಕೂವರೆಗೆ ಮಜ್ಜಿಗೆ ಕುಡಿದು ಮತ್ತೆ ಮೈದಾನ.

ಟೆಂಟು ಹಾಕೋದನ್ನು ಕಲಿಸಿ, ಅದರಲ್ಲಿ ರಾತ್ರಿ ಮಲಗಲಿ. ಆದರೆ ಬೆಳಿಗ್ಗೆ ಒಂಬತ್ತರ ನಂತರ ಟೆಂಟಿನೊಳಗೆ ಯಾರೂ ಇರಬಾರದು, ಅದು ಬೇಯೋ ಗೂಡು. ಹಗಲಿಗೆ ಮರದ ಕೆಳಗೆ ತಾಡಪತ್ರಿ ಕಟ್ಟಿ, ಅದರ ಮೇಲೆ ಒಂದಡಿ ಬಿಟ್ಟು ನರ್ಸರಿಯವರು ಬಳಸೋ ಹಸಿರು ನೆಟ್ ಕಟ್ಟಿ. ನಡುವೆ ಗಾಳಿ ಓಡಾಡೋದರಿಂದ ಕೆಳಗೆ ಕೂತವರಿಗೆ ಕಾವು ಬಡಿಯಲ್ಲ.

ಮೊದಲ ದಿನ ಸಂಜೆ ಪ್ರತಿ ಪೆಟ್ರೋಲ್ ಕಟ್ಟಬೇಕಾದ ಮೊದಲ ಗ್ಯಾಜೆಟ್ (ಬಿದಿರು, ಹಗ್ಗದಲ್ಲಿ ಕಟ್ಟೋ ಸಲಕರಣೆ) ಅರವಟಿಗೆ. ಗೇಟು, ಚಪ್ಪಲಿ ಸ್ಟ್ಯಾಂಡ್ ಎಲ್ಲ ನಾಳೆಗಿರಲಿ. ಬಿದಿರನ್ನು ಮೇದಾರ ಓಣಿಯಿಂದಲೇ ತನ್ನಿ. ಸುತ್ತ ಬೇಕಾದಷ್ಟು ಬಳ್ಳಾರಿ ಜಾಲಿ ಬೆಳೆದಿರುತ್ತೆ, ಆದರೆ ಅದರ ಕೊಂಬೆ ನೆಟ್ಟಗಿರಲ್ಲ, ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿಕೊಂಡು ಕಾಲಿಗೆ ಬರುತ್ತೆ. ಒಲೆಗೆ ಮಾತ್ರ ಅದರಷ್ಟು ಒಳ್ಳೆ ಕಟ್ಟಿಗೆ ಇಲ್ಲ. ಅರವಟಿಗೆಗೆ ನಾಲ್ಕು ಗಳ ನೆಟ್ಟು, ಮೇಲೆ ಅಡ್ಡ ಗಳ ಇಟ್ಟು, ಗಳಕ್ಕೆ ಹಗ್ಗ ಬಿಗಿಯೋ ಗಂಟಾದ ಕ್ಲೋವ್ ಹಿಚ್‌ನಿಂದ ಶುರು ಮಾಡಿ ಸ್ಕ್ವೇರ್ ಲ್ಯಾಶಿಂಗ್ (ಎರಡು ಗಳ ಸೇರೋ ಕಡೆ ಹಗ್ಗ ಸುತ್ತಿ ಹಾಕೋ ಕಟ್ಟು) ಹಾಕಿಸಿ. ಪ್ರತಿ ಸುತ್ತನ್ನೂ ಹಗ್ಗ ಎಳೆದು ಬಿಗಿ ಮಾಡಬೇಕು, ಕೊನೆಗೆ ಎರಡು ಗಳದ ನಡುವೆ ಎರಡು ಸುತ್ತು ಫ್ರ್ಯಾಪಿಂಗ್ (ಮೊದಲ ಸುತ್ತುಗಳನ್ನು ಬಿಗಿಯೋ ಅಡ್ಡ ಸುತ್ತು) ಹಾಕದಿದ್ದರೆ ಮಾರನೇ ದಿನಕ್ಕೆ ಅಲ್ಲಾಡೋಕೆ ಶುರುವಾಗುತ್ತೆ. ಮೇಲೆ ಗೋಣಿತಟ್ಟಿನ ಚಪ್ಪರ, ಕೆಳಗೆ ಒದ್ದೆ ಮರಳಿನ ದಿಂಡು, ಅದರ ಮೇಲೆ ಮಣ್ಣಿನ ಹರವಿ, ಸುತ್ತ ಒದ್ದೆ ಬಟ್ಟೆ. ನಮ್ಮ ಒಣ ಗಾಳಿಗೆ ಹರವಿಯ ಮೈಮೇಲಿನ ನೀರು ಬೇಗ ಆರುತ್ತೆ, ಆರುವಾಗ ಒಳಗಿನ ನೀರಿನ ಬಿಸಿ ಎಳಕೊಂಡು ಹೋಗುತ್ತೆ. ಮಂಗಳೂರಿನ ಸೆಖೆಗಾಳಿಯಲ್ಲಿ ಇಷ್ಟು ತಣ್ಣಗಾಗಲ್ಲ. ಇದನ್ನು ಮಕ್ಕಳಿಗೆ ಹೇಳೋದಕ್ಕಿಂತ, ಒಂದು ಸ್ಟೀಲ್ ಕೊಡ, ಒಂದು ಹರವಿ ಅಕ್ಕಪಕ್ಕ ಇಟ್ಟು ಮಧ್ಯಾಹ್ನ ಎರಡಕ್ಕೆ ಎರಡರಲ್ಲೂ ಬೆರಳು ಅದ್ದಿಸಿ.

ಅಡುಗೆ ದೊಡ್ಡ ಕೆಲಸ ಮಾಡ್ಕೋಬೇಡಿ. ಬಿಸಿಲಲ್ಲಿ ದಿನಕ್ಕೆ ಮೂರು ಸಲ ಒಲೆ ಮುಂದೆ ಮಕ್ಕಳನ್ನು ಕೂರಿಸೋದು ತಪ್ಪು. ಪ್ರತಿ ಮನೆಯಿಂದ 20 ಕಡಕ್ ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಅಥವಾ ಗುರೆಳ್ಳು ಚಟ್ನಿ ತರಿಸಿ. ದಿನಕ್ಕೆ ಮೂರರಂತೆ ರಾತ್ರಿ ಊಟಕ್ಕೆ ಆರು ದಿನ ಬರುತ್ತೆ, ಕೆಡಲ್ಲ. ಎಲ್ಲರ ರೊಟ್ಟಿಯನ್ನೂ ಒಂದೇ ಬುಟ್ಟಿಗೆ ಹಾಕಿ ಬಿಳಿ ಬಟ್ಟೆ ಮುಚ್ಚಿಡಿ, ಯಾರ ಮನೆ ರೊಟ್ಟಿ ಯಾರ ತಾಟಿಗೆ ಬಂತೋ ಗೊತ್ತಾಗಬಾರದು. ಇದು ನನಗೆ ತುಂಬಾ ಮುಖ್ಯ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಧ್ಯಾಹ್ನ ಅನ್ನ ಸಾರು, ಜೊತೆಗೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಹನ್ನೊಂದಕ್ಕೆ ಜೋಳದ ಅಂಬಲಿಗೆ ಮಜ್ಜಿಗೆ ಹಾಕಿ ಒಂದು ಲೋಟ. ದಿನಕ್ಕೊಂದು ಪೆಟ್ರೋಲ್ ಅಡುಗೆ ಮಾಡಲಿ. ಮಿರ್ಚಿ ಕೊನೆ ದಿನಕ್ಕಿರಲಿ, ಬಾಯಾರಿಕೆ ಜಾಸ್ತಿ ಮಾಡುತ್ತೆ.

ಒಂದು ಹೈಕ್ ಬೇಕೇ ಬೇಕು. ಕೊಪ್ಪಳದವರಾದರೆ ಪಾಲ್ಕಿಗುಂಡು. ನಸುಕಿನಲ್ಲಿ ಹೊರಟರೆ ಹೊತ್ತೇರುವ ಮೊದಲೇ ಪಲ್ಲಕ್ಕಿ ಹಾಗೆ ಬಂಡೆ ಹೊತ್ತು ನಿಂತ ಆ ಗುಡ್ಡದ ಮೇಲೆ ಅಶೋಕನ ಶಾಸನ ನೋಡಿ ಇಳಿಯಬಹುದು, ಗವಿಮಠದಲ್ಲೂ ಒಂದು ಶಾಸನ ಇದೆ. ರಾಯಚೂರು ಕಡೆಯವರಿಗೆ ಮಸ್ಕಿ ಇದೆ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲೇ ದೇವಾನಾಂಪ್ರಿಯ ಎಂಬ ಬಿರುದಿನ ರಾಜ ಅಂದರೆ ಅಶೋಕನೇ ಅಂತ ಹೆಸರು ಸಮೇತ ಗೊತ್ತಾಗಿದ್ದು. ಹಿರೇಬೆಣಕಲ್ಲಿನ ಮೋರೇರ ಗುಡ್ಡ ಅದ್ಭುತ ಜಾಗ, ಆದರೆ ನೆರಳಿಲ್ಲದ ಏರು, ಅದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಒಂಬತ್ತೂವರೆಗೆ ಎಲ್ಲರೂ ಕ್ಯಾಂಪಿನಲ್ಲಿರಬೇಕು. ಎಲ್ಲೇ ಇರಲಿ, ತುಂಗಭದ್ರಾ ನದಿ, ಸಾಣಾಪುರ ಕೆರೆ, ಎಡದಂಡೆ ಕಾಲುವೆ, ಯಾವುದಕ್ಕೂ ಮಕ್ಕಳನ್ನು ಇಳಿಸಬೇಡಿ. ಕಾಲುವೆಯ ಸಿಮೆಂಟ್ ಇಳಿಜಾರಿಗೆ ಪಾಚಿ ಕಟ್ಟಿರುತ್ತೆ, ಈಜು ಬಂದವರಿಗೂ ಹತ್ತಿ ಬರೋಕೆ ಹಿಡಿತ ಸಿಗಲ್ಲ.

ದಿಕ್ಕು ಕಲಿಸೋಕೆ ನಮ್ಮೂರೇ ಒಳ್ಳೆ ಪಾಠಶಾಲೆ. ಕೋಲಿನ ನೆರಳಿನ ಪ್ರಯೋಗವನ್ನು ಬೆಳಿಗ್ಗೆ ಎಂಟರ ಸುಮಾರಿಗೆ ಮಾಡಿಸಿ. ನೆರಳಿನ ತುದಿಗೆ ಕಲ್ಲಿಟ್ಟು, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು ಕಲ್ಲಿಟ್ಟರೆ ಮೊದಲ ಕಲ್ಲು ಪಶ್ಚಿಮ, ಎರಡನೇದು ಪೂರ್ವ. ನಡು ಮಧ್ಯಾಹ್ನ ಆಗಲ್ಲ, ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಸೂರ್ಯ ನೆತ್ತಿಗೇ ಬಂದು ನೆರಳು ಕಾಲಡಿ ಸೇರಿಬಿಡುತ್ತೆ. ರಾತ್ರಿ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕಿರುತ್ತೆ. ಅದರ ಮುಂದಿನ ಎರಡು ನಕ್ಷತ್ರಗಳ ಗೆರೆ ಹಿಡಿದು ಕೆಳಗೆ ಇಳಿದರೆ ಧ್ರುವ. ಕೊಪ್ಪಳ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ ಇರೋದರಿಂದ ಧ್ರುವನೂ ದಿಗಂತದಿಂದ ಅಷ್ಟೇ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಮಕ್ಕಳೇ ಅಳೆದು ನೋಡಲಿ.

ಕ್ಯಾಂಪ್‌ಫೈರ್‌ಗೆ ಸುತ್ತ ಹತ್ತಡಿ ಒಣಹುಲ್ಲು ಕೆರೆದು, ಪಕ್ಕದಲ್ಲಿ ನೀರು, ಮರಳು ಇಟ್ಟುಕೊಳ್ಳಿ. ಬೆಂಕಿ ಸಣ್ಣದಿರಲಿ. ಒಂದು ರಾತ್ರಿ ಬೆಂಕಿಯೇ ಬೇಡ. ಬಿಳಿ ಪಂಚೆ ಕಟ್ಟಿ, ಹಿಂದೆ ಟಾರ್ಚ್ ಇಟ್ಟು, ರಟ್ಟಿನಲ್ಲಿ ಕತ್ತರಿಸಿದ ಗೊಂಬೆಗಳಿಂದ ಮಕ್ಕಳೇ ಆಟ ಆಡಲಿ. ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ನಮ್ಮ ಪಕ್ಕದ ಊರಿನ ಅಜ್ಜಿ ಇಡೀ ಬದುಕು ಇದನ್ನೇ ಆಡಿದರು ಅಂತ ಹೇಳಿ ಶುರು ಮಾಡಿ, ಮಕ್ಕಳು ಗೊಂಬೆ ಹಿಡಿಯೋ ಕೈಯೇ ಬೇರೆ ಆಗುತ್ತೆ.

ಮಲಗುವಾಗ ಎಲ್ಲರಿಗೂ ಸೊಳ್ಳೆ ಪರದೆ, ಅಂಚು ಚಾಪೆಯ ಕೆಳಗೆ ಸಿಕ್ಕಿಸಿರಬೇಕು. ಸೊಳ್ಳೆಗಷ್ಟೇ ಅಲ್ಲ, ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯೋ ಕಟ್ಟು ಹಾವಿಗೂ ಅದು ತಡೆ. ಬೂಟು ಕೊಡವಿ ಹಾಕ್ಕೊಳ್ಳಿ, ಕಲ್ಲು ಎತ್ತುವ ಮುನ್ನ ಕೋಲಿನಿಂದ ಹೊರಳಿಸಿ, ಚೇಳು ಇರುತ್ತೆ. ಹಾವು ಕಡಿದರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದೆ ಮಲಗಿಸಿಕೊಂಡು ಸೀದಾ ಆಸ್ಪತ್ರೆಗೆ.

ಎರಡನೇ ರಾತ್ರಿ ಯಾರೋ ಒಬ್ಬರು ಅಳ್ತಾರೆ. ಮನೆಗೆ ಫೋನ್ ಹಚ್ಚಿಕೊಡಬೇಡಿ, ಜಾಸ್ತಿ ಆಗುತ್ತೆ. ಪಕ್ಕ ಕೂತು ಅವರ ಊರು, ಆಕಳು, ತಮ್ಮ ತಂಗಿ ಅಂತ ಮಾತಾಡಿಸಿ, ಬೆಳಿಗ್ಗೆ ಏನಾದರೂ ಒಂದು ಜವಾಬ್ದಾರಿ ಕೊಡಿ. ಹರವಿ ತುಂಬೋ ಕೆಲಸ ನಾನು ಅಂಥ ಮಗುವಿಗೇ ಕೊಡೋದು. ಮುಖ್ಯವಾಗಿ, ಪೆಟ್ರೋಲ್ ಲೀಡರ್‌ಗಳ ಕೆಲಸವನ್ನು ನೀವು ಮಾಡಬೇಡಿ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಸುಮಾರು 20 ಹುಡುಗರ ಮೊದಲ ಶಿಬಿರ ಮಾಡಿದಾಗಲೂ ನಾಲ್ಕು ಪೆಟ್ರೋಲ್ ಮಾಡಿ ಹುಡುಗರ ಕೈಗೇ ಕೊಟ್ಟಿದ್ದರು. ದಿನಾ ಸಂಜೆ ಕೋರ್ಟ್ ಆಫ್ ಆನರ್ (ಪೆಟ್ರೋಲ್ ಲೀಡರ್‌ಗಳ ಸಭೆ) ಕರೆದು ನಾಲ್ಕೂ ಲೀಡರ್‌ಗಳ ಮಾತು ಕೇಳಿ. ಯಾರು ಊಟ ಬಿಟ್ಟರು, ಯಾರ ಕಾಲಿಗೆ ಮುಳ್ಳು ಚುಚ್ಚಿದೆ, ಎಲ್ಲ ಅವರಿಗೆ ಗೊತ್ತಿರುತ್ತೆ.

ಕೊನೆ ದಿನ ಬೆಳಿಗ್ಗೆ ಗ್ಯಾಜೆಟ್ ಎಲ್ಲ ಬಿಚ್ಚಿ, ಹಗ್ಗ ಸುತ್ತಿ, ಗುಂಡಿ ಮುಚ್ಚಿ, ಮಕ್ಕಳನ್ನು ಒಂದು ತೋಳು ಅಂತರದಲ್ಲಿ ಸಾಲಾಗಿ ನಿಲ್ಲಿಸಿ ಆವರಣ ಪೂರ್ತಿ ನಡೆಸಿ. ಕಣ್ಣಿಗೆ ಬಿದ್ದ ಕಾಗದ, ಪ್ಲಾಸ್ಟಿಕ್, ಮುಳ್ಳು ಎಲ್ಲ ಚೀಲಕ್ಕೆ. ರಸ್ತೆ ಕಡೆ ಇರೋ ಒಂದು ಅರವಟಿಗೆಯನ್ನು ಮಾತ್ರ ಬಿಚ್ಚಬೇಡಿ. ಹರವಿ ತುಂಬಿ, ಮುಚ್ಚಳದ ಮೇಲೆ ಲೋಟ ಇಟ್ಟು, ಜೂನ್‌ವರೆಗೂ ದಿನಾ ನೀರು ತುಂಬಿಸೋಕೆ ಎದುರು ಮನೆಯವರನ್ನು ಕೇಳಿಕೊಂಡು ಬಸ್ಸು ಹತ್ತಿ.